ಹೊಲಿಯುವ ಮೊದಲು ಒಮ್ಮೆ ಕೂಗಿ

ಗೋಕಾಕದಲ್ಲಿ ನನ್ನ ಮನೆ ಹುಡುಕಿಕೊಂಡು ಆಗೀಗ ಕೆಲವು ಹುಡುಗರು ಬರುತ್ತಾರೆ. ಹಳೆಯ ಮಿಲಿಟರಿ ಜೀಪು ಕೊಂಡು ಅದನ್ನು ಮೊದಲಿನಂತೆ ಮಾಡಿಕೊಳ್ಳುವ ಹುಚ್ಚು ಹತ್ತಿದವರು. ಎಂಜಿನ್ನಿನ ವಿಷಯ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಕೇಳುವುದೆಲ್ಲ ಹುಡ್ ಬಗ್ಗೆ, ಎಂದರೆ ಜೀಪಿಗೆ ಹೊದಿಸುವ ಕ್ಯಾನ್ವಾಸಿನ ಮಾಡು ಮತ್ತು ಸುತ್ತಲಿನ ಪರದೆಗಳ ಬಗ್ಗೆ. ಕ್ಯಾನ್ವಾಸು ಎಷ್ಟು ಮಳೆಗಾಲ ತಡೆಯುತ್ತದೆ, ಅದಕ್ಕೆ ಏನು ಬಳಿಯಬೇಕು, ಹರಿದರೆ ಹೇಗೆ ಹೊಲಿಯಬೇಕು. ಗೊತ್ತಿದ್ದಷ್ಟು ಹೇಳುತ್ತೇನೆ. ಅವರು ಬರೆದುಕೊಳ್ಳುತ್ತಾರೆ. ಒಂದು ಮಾತಿಗೆ ಮಾತ್ರ ನಗುತ್ತಾರೆ. ಆ ಒಂದು ಮಾತಿಗಾಗಿ ಇದನ್ನು ಬರೆಯಬೇಕಾಗಿದೆ.

ನೆನಪನ್ನು ನಾನು ಪೂರ್ತಿ ನಂಬುವವನಲ್ಲ. ದಿನಚರಿ ಬರೆಯುವ ಅಭ್ಯಾಸವಿತ್ತು, ಈಗಲೂ ಇದೆ. ಆದರೆ ದಿನಚರಿಯೂ ಸಂಜೆ ಕೂತು ಬೆಳಗಿನದನ್ನು ನೆನೆದು ಬರೆದದ್ದೇ ಅಲ್ಲವೇ? ನನಗೆ ಖಚಿತವಿಲ್ಲದ ಕಡೆ ಹಾಗೆಂದೇ ಹೇಳುತ್ತ ಹೋಗುತ್ತೇನೆ.

ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿದ ನನಗೆ ಕಾಲುವೆ ಮೋಜಣಿಯ, ಎಂದರೆ ಸರ್ವೆಯ, ಒಂದು ಕಚೇರಿಯಲ್ಲಿ ವಾಹನಗಳ ಉಸ್ತುವಾರಿ ಸಿಕ್ಕಿತು. ಶೆಡ್ಡು ಗೋಕಾಕದಲ್ಲಿ, ಕ್ಯಾಂಪುಗಳು ಮೂಡಲಗಿಯಲ್ಲಿ ಮತ್ತು ಹುಕ್ಕೇರಿಯಲ್ಲಿ. ಸೇರಿದಾಗ ನಾವಿನ್ನೂ ಮುಂಬಯಿ ರಾಜ್ಯದವರು, ಕೆಲವು ವರ್ಷಕ್ಕೆ ಮೈಸೂರು ರಾಜ್ಯದವರಾದೆವು. ಶೆಡ್ಡಿನಲ್ಲಿ ಬದಲಾದದ್ದು ಬೋರ್ಡು ಮಾತ್ರ. ಒಳಗಿದ್ದ ಮೂರು ಜೀಪುಗಳು ಅವೇ, ಯುದ್ಧ ಮುಗಿದ ಮೇಲೆ ಸೈನ್ಯ ಹರಾಜು ಹಾಕಿದವು. ತಗಡಿನ ಭಾಗ ಎಷ್ಟು ಬಡಿದರೂ ಸರಿಹೋಗುತ್ತಿತ್ತು. ಸಾಯುತ್ತಿದ್ದುದು ಹುಡ್ಡು. ಗೋಕಾಕದ ಬೇಸಿಗೆ ಅದನ್ನು ಸುಡುತ್ತಿತ್ತು, ಹುಕ್ಕೇರಿ ಕಡೆಯ ಮಳೆ ಕೊಳೆಸುತ್ತಿತ್ತು.

ನಮ್ಮ ಮೊದಲ ಸಾಹೇಬರು ಪುಣೆ ಕಡೆಯವರು, ಅಚ್ಚುಕಟ್ಟಿನ ಮನುಷ್ಯ. ಬಿಸಿಲು ಬಿದ್ದ ಕೂಡಲೇ ಜೀಪಿನ ಪರದೆಗಳನ್ನು ಸುತ್ತಿ ಪಟ್ಟಿ ಬಿಗಿಯಬೇಕು. ಇಳಿಬಿದ್ದ ಪರದೆ ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಮೂಡಲಗಿ ಕ್ಯಾಂಪಿನಲ್ಲಿ ಒಂದು ಶ್ರಾವಣ ಪೂರ್ತಿ ಹಸಿ ಪರದೆ ಸುತ್ತಿದೆವು. ದಸರೆಯ ಹೊತ್ತಿಗೆ ಬಿಚ್ಚಿ ನೋಡಿದರೆ ಸುರುಳಿಯ ಒಳಗೆ ಕರಿ ಬೂಷ್ಟು. ಬೆರಳಿಟ್ಟಲ್ಲಿ ತೂತು. ಸಾಹೇಬರು ಡ್ರೈವರ್ ಬಸಲಿಂಗಪ್ಪನನ್ನು ಬೈದರು.

ಅವನು ಮುಖ ಗಂಭೀರ ಮಾಡಿಕೊಂಡು, "ಸಾಹೇಬರ, ನಿಮ್ಮ ಕೋಟು ಹಸೀ ಇದ್ದಾಗ ಘಡಿ ಮಾಡಿ ಪೆಟಿಗ್ಯಾಗ ಇಡೋಣೇನ್ರಿ? ಅದೂ ಹಿಂಗ ಚಂದ ಆಕ್ಕೈತಿ," ಎಂದ.

ಸಾಹೇಬರಿಗೆ ಕನ್ನಡ ಅರ್ಧ ತಿಳಿಯುತ್ತಿತ್ತು. ಅಂದು ಆ ಅರ್ಧವೇ ತಿಳಿದಿರಬೇಕು, ಅವರು ತಲೆಯಾಡಿಸಿ ಹೋದರು. ಈಗಿನವರಿಗೆ ಮೊದಲ ಪಾಠ ಇದೇ: ಹಸಿ ಕ್ಯಾನ್ವಾಸನ್ನು ಸುತ್ತಬೇಡಿ, ಮಡಚಬೇಡಿ. ನೋಡಲು ಜೋಲಾಗಿದ್ದರೂ ಪರವಾಗಿಲ್ಲ, ಗಾಳಿಗೆ ಬಿಡಿ.

ಹುಡ್ ಹೊಲಿಯುತ್ತಿದ್ದವನು ಹುಕ್ಕೇರಿಯ ಲಗಮಣ್ಣ. ಮೊದಲು ಬಾವಿಯ ನೀರೆತ್ತುವ ತೊಗಲಿನ ಚೀಲ ಹೊಲಿಯುತ್ತಿದ್ದ. ನೀರೆತ್ತುವ ಯಂತ್ರಗಳು ಬಂದಮೇಲೆ ಗಾಡಿಗಳ ಸೀಟು, ಹುಡ್ಡು. ಕ್ಯಾನ್ವಾಸಿಗೆ ಅವನ ಮಾತಿನಲ್ಲಿ ಕಿತ್ತಾನ. ಬಾಯಿ ಜೋರು, ನಗು ಇನ್ನೂ ಜೋರು. ಒಂದು ಬೇಸಿಗೆ ಅವನು ಕುಸುಬಿ ಎಣ್ಣೆ ಕಾಸಿ ಮೂರೂ ಹುಡ್ಡಿಗೆ ಬಳಿದ. "ಬಾವಿ ನೀರಿಗೇ ಜಗ್ಗಿಲ್ಲ ನಮ್ಮ ತೊಗಲು, ಮಳಿ ಯಾವ ಲೆಕ್ಕರಿ!" ಎಂದ. ತೊಗಲಿಗೆ ಆಗುವುದು ಬಟ್ಟೆಗೆ ಆಗುವುದಿಲ್ಲ ಎಂದು ಇಬ್ಬರಿಗೂ ಆಗ ತಿಳಿದಿರಲಿಲ್ಲ. ಬಿಸಿಲಿಗೆ ಹುಡ್ಡು ಅಂಟಂಟಾಗಿ ದಾರಿಯ ಧೂಳನ್ನೆಲ್ಲ ಹೊದ್ದುಕೊಂಡಿತು. ಘಟಪ್ರಭಾ ರಸ್ತೆಯ ಒಂದು ತಗ್ಗಿನಲ್ಲಿ ಜೀಪು ಹಾರಿದಾಗ ಸಾಹೇಬರ ಟೊಪ್ಪಿಗೆ ಮೇಲಕ್ಕೆ ಅಂಟಿಕೊಂಡು ಅಲ್ಲೇ ಉಳಿಯಿತು, ಸಾಹೇಬರು ಮಾತ್ರ ಕೆಳಗೆ ಬಂದರು. ಚಳಿಗಾಲಕ್ಕೆ ಅದೇ ಹುಡ್ಡು ಮಡಿಕೆಗಳಲ್ಲಿ ಹಪ್ಪಳದ ಹಾಗೆ ಸೀಳಿತು. ಲಗಮಣ್ಣನಿಗೆ ಅದನ್ನು ನೆನಪಿಸಿದರೆ, "ಎಣ್ಣಿ ಚಲೋನ ಇತ್ರಿ, ಕಿತ್ತಾನಕ್ಕ ಬುದ್ಧಿ ಇರಲಿಲ್ಲ," ಎನ್ನುತ್ತಿದ್ದ. ಮುಂದೆ ಪಟಿಕದ ನೀರು, ಸಾಬೂನಿನ ನೀರು, ಮೇಲೆ ತೆಳ್ಳಗೆ ಮೇಣ, ಈ ಕ್ರಮಕ್ಕೆ ಬಂದೆವು. ಅದೇ ಉಳಿಯಿತು.

ಇನ್ನೊಂದು ಗುಣ ಹೇಳಬೇಕು, ಮುಂದಿನ ಕತೆಗೆ ಬೇಕಾದದ್ದು. ಹತ್ತಿಯ ಕ್ಯಾನ್ವಾಸು ನೆಂದರೆ ಬಿಗಿಯುತ್ತದೆ. ನೂಲು ನೀರು ಕುಡಿದು ದಪ್ಪವಾಗುತ್ತದೆ, ದಪ್ಪವಾದಷ್ಟು ಗಿಡ್ಡವಾಗುತ್ತದೆ. ಕಟ್ಟಿದ ಹುರಿಯೂ ಹಾಗೆಯೇ. ಒಣಗಿದ್ದಾಗ ಕೈ ಹೋಗುವಷ್ಟು ಸಡಿಲವಾಗಿದ್ದ ಪರದೆ ಒಂದು ಜೋರು ಮಳೆಗೆ ನಗಾರಿಯ ತೊಗಲಾಗುತ್ತದೆ. ಅದಕ್ಕೇ ಒಣಗಿದ್ದಾಗ ಬಿಗಿದು ಕಟ್ಟಬಾರದು, ಕಣ್ಣುಗಳು ಕಿತ್ತುಹೋಗುತ್ತವೆ. ಕಣ್ಣು ಎಂದರೆ ಹುರಿ ಪೋಣಿಸಲು ಅಂಚಿಗೆ ಕೂರಿಸುವ ಹಿತ್ತಾಳೆಯ ಬಳೆ. ಜೀಪಿನ ಜೊತೆ ಬಂದ ಪಟ್ಟಿಗಳು ಹರಿದುಹೋದ ಮೇಲೆ ಲಗಮಣ್ಣ ಇಂಥ ಕಣ್ಣು ಕೂರಿಸಿ, ಪರದೆಗಳನ್ನು ಒಳಗಿನಿಂದ ಕಟ್ಟುವ ಹಾಗೆ ಮಾಡಿದ್ದ. ಗಾಳಿಮಳೆಯಲ್ಲಿ ಹೊರಗೆ ನಿಂತು ಯಾರು ಕಟ್ಟುತ್ತಾರೆ?

ಲಗಮಣ್ಣನದೊಂದು ಪದ್ಧತಿ ಇತ್ತು. ಮೈಮೇಲಿದ್ದ ಬಟ್ಟೆಯನ್ನು ಹೊಲಿಯಬಾರದೆಂದು ನಮ್ಮ ಕಡೆ ಎಲ್ಲ ಮನೆಗಳಲ್ಲೂ ಹೇಳುತ್ತಾರೆ. ಮೈಮೇಲಿಟ್ಟು ಹೊಲಿಯುವುದು ಹೆಣದ ಬಟ್ಟೆಯನ್ನು. ಗುಂಡಿ ಕಿತ್ತು ಅವಸರವಿದ್ದರೆ, ಅಂಗಿ ತೊಟ್ಟವನು ಬಾಯಲ್ಲಿ ಒಂದು ಕಡ್ಡಿ ಕಚ್ಚಿಕೊಂಡು ನಿಲ್ಲಬೇಕು. ಇವನು ಬದುಕಿದ್ದಾನೆ, ಈ ಹೊಲಿಗೆ ಆ ಹೊಲಿಗೆಯಲ್ಲ ಎಂದು ಅದರ ಅರ್ಥ. ಲಗಮಣ್ಣ ಇದನ್ನು ಜೀಪಿಗೂ ಹಚ್ಚಿದ್ದ. ದಬ್ಬಣ ಏರಿಸುವ ಮೊದಲು ಹುಡ್ಡನ್ನು ಅಂಗೈಯಿಂದ ತಟ್ಟಿ ಕೂಗುತ್ತಿದ್ದ: "ಒಳಗ ಯಾರರ ಅದೀರೇನ್ರಿ?" ಸ್ವಲ್ಪ ಕಾಯುತ್ತಿದ್ದ. ಆಮೇಲೆ ಹೊಲಿಗೆ.

ಆ ವರ್ಷಗಳಲ್ಲಿ ಅವನ ಮನೆಯವರು ಬೌದ್ಧರಾದರು. ಗೋಡೆಯ ಮೇಲಿನ ದೇವರ ಪಟಗಳು ಇಳಿದು ಬುದ್ಧನ ಪಟ ಬಂತು. ನಾನು ಕೆಣಕಿದೆ: "ಲಗಮಣ್ಣ, ಎಲ್ಲಾ ಬಿಟ್ಟಿ, ಇದನ್ನ ಯಾಕ ಬಿಡವಲ್ಲಿ?"

"ದೆವ್ವ ಬಿಟ್ನಿ, ದೇವ್ರು ಬಿಟ್ನಿ, ಹರಕಿ ಬಿಟ್ನಿ. ಇದು ಅದ್ಯಾವುದೂ ಅಲ್ರಿ ಬಿಎಸ್ಸಿಯವರ," ಎಂದ. ನನ್ನನ್ನು ಹಾಗೆಯೇ ಕರೆಯುತ್ತಿದ್ದರು. "ಒಬ್ಬರ ಮನಿ ಬಾಗಲಾ ಮುಚ್ಚೋ ಮೊದಲ ಒಳಗ ಯಾರರ ಅದಾರೇನು ಅಂತ ಕೇಳೂದು ಮರ್ಯಾದಿ."

ಇನ್ನು ಶಿವಪುತ್ರಪ್ಪನ ಮಾತು. ಮೋಜಣಿಯ ಮೇಸ್ತ್ರಿ, ಹುಕ್ಕೇರಿಯವನು, ತೆಳ್ಳಗಿನ, ಮಾತು ಕಡಿಮೆಯ ಮನುಷ್ಯ. ತಲೆಗೆ ಮಾತ್ರ ಔಡಲ ಎಣ್ಣೆ ಜಡಿದುಕೊಂಡು ಬರುತ್ತಿದ್ದ. ಜೀಪಿನ ಹಿಂದೆ ಎಡಮಗ್ಗುಲಿನ ಪರದೆಗೆ ತಲೆ ಆನಿಸಿ ಕೂತರೆ ಇಳಿಯುವವರೆಗೂ ಅದೇ ಭಂಗಿ. "ಎಣ್ಣಿ ಗಾಣಾ," ಎಂದು ಬಸಲಿಂಗಪ್ಪ ಕಾಡುತ್ತಿದ್ದ.

ಒಂದು ಆಷಾಢದಲ್ಲಿ ಇವರಿಬ್ಬರೂ ಹುಕ್ಕೇರಿಯಿಂದ ಯಮಕನಮರಡಿ ಕಡೆ ಹೊಲದ ದಾರಿಯಲ್ಲಿ ಹೋಗುವಾಗ ಜೀಪು ಎರೆ ಮಣ್ಣಿನಲ್ಲಿ ಹೂತಿತು. ಮಧ್ಯಾಹ್ನವೇ ಮೋಡ ಕವಿದು ಕತ್ತಲಾಗಿತ್ತಂತೆ. ಬಸಲಿಂಗಪ್ಪ ಎತ್ತು ತರಲು ಊರಿಗೆ ನಡೆದ. ಶಿವಪುತ್ರಪ್ಪ ಸಾಮಾನು ಕಾಯುತ್ತ ಒಳಗೆ ಕೂತು ಪರದೆ ಕಟ್ಟಿಕೊಂಡ. ಬಸಲಿಂಗಪ್ಪ ಇಬ್ಬರು ರೈತರ ಜೊತೆ ಜೋರು ಮಳೆಯಲ್ಲಿ ಮರಳಿದಾಗ ಪರದೆಗಳು ಕಟ್ಟಿದ ಹಾಗೇ ಇದ್ದವು. ಕೂಗಿದರೆ ಉತ್ತರವಿಲ್ಲ. ಹುರಿಗಳು ಒಳಗಿನಿಂದ ಬಿಗಿದಿದ್ದವು, ಬೆರಳೂ ತೂರಲಿಲ್ಲ. ಕೊನೆಗೆ ರೈತನ ಕುಡುಗೋಲಿನಿಂದ ಬಲಮಗ್ಗುಲಿನ ಪರದೆ ಸೀಳಿದರು. ಒಳಗೆ ಮೋಜಣಿಯ ಸರಪಳಿ ಇತ್ತು, ಕೊಡೆ ಇತ್ತು, ಜೋಡಿಸಿಟ್ಟ ಚಪ್ಪಲಿ ಇದ್ದವು. ಮನುಷ್ಯ ಇರಲಿಲ್ಲ.

ಹಳ್ಳ ಹುಡುಕಿದರು, ಬಾವಿ ಹುಡುಕಿದರು. ಧುಪದಾಳದ ಒಡ್ಡಿನವರೆಗೂ ಜನ ಹೋಗಿಬಂದರು. ಸಂಕೇಶ್ವರ, ಕೊಲ್ಲಾಪುರದ ಕಡೆಯೂ ಕೇಳಿಸಿದರು. ಏನೂ ಸಿಗಲಿಲ್ಲ.

ಶಿವಪುತ್ರಪ್ಪನ ಹೆಂಡತಿ ಗಂಗವ್ವ ಶೆಡ್ಡಿಗೆ ಬಂದು ಕೇಳಿದ್ದು ಒಂದೇ: "ಅವರು ಇಳದಾರೋ ಇಲ್ಲೋ?" ಇಳಿದಿದ್ದರೆ ಎಲ್ಲಿಗೋ ಹೋಗಿದ್ದಾರೆ, ಬರಬಹುದು. ಅವಳ ಅತ್ತೆಯ ಮಾತು ಬೇರೆ. ಮಗ ಹೋದ, ಕ್ರಿಯೆ ಮಾಡಬೇಕು, ಸೊಸೆ ತಾಳಿ ತೆಗೆಯಬೇಕು. ಆ ಮುದುಕಿಯದು ಕಠೋರತನವೆಂದು ಆಗ ಅನಿಸಿತ್ತು. ಈಗ ಹಾಗೆ ಅನಿಸುವುದಿಲ್ಲ. ಅವರು ಲಿಂಗಾಯತರು, ಹೋದವರನ್ನು ಗುಂಡಿಯೊಳಗಿನ ಗೂಡಿನಲ್ಲಿ ಕೂಡಿಸಿ ಮಣ್ಣು ಕೊಡುವವರು. ಮುದುಕಿ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಗೂಡಿನಾಗ ಕುಂದ್ರಿಸಿದಂಗ ಆ ಗಾಡ್ಯಾಗ ಕುಂತಾನ ನನ್ನ ಮಗ. ಎಷ್ಟ ದಿನಾ ಅವನ್ನ ಹಂಗ ಕುಂದ್ರಿಸಿ ಇಡ್ತೀರಿ?"

ನಾನು ಓದಿದವನ ಹಾಗೆ ಯೋಚಿಸಿದೆ. ಒಣಗಿದ್ದಾಗ ಹಿಂದಿನ ಪರದೆಯ ಕೆಳಗೆ ಸಡಿಲ ಇರುತ್ತದೆ, ತೆಳ್ಳಗಿನವನು ತೂರಿ ಇಳಿಯಬಹುದು. ಆಮೇಲೆ ಮಳೆ ಬಂದರೆ ಪರದೆ ಬಿಗಿದು ಸಂದು ಮುಚ್ಚುತ್ತದೆ. ನೋಡಿದವರಿಗೆ ಯಾರೂ ಇಳಿಯಲು ಸಾಧ್ಯವೇ ಇರಲಿಲ್ಲ ಎನಿಸುತ್ತದೆ. ಎರೆ ಮಣ್ಣಿನಲ್ಲಿ ಚಪ್ಪಲಿ ಬಿಟ್ಟೇ ಇಳಿಯಬೇಕು. ಗೋಕಾಕದ ಶೆಡ್ಡಿನಲ್ಲಿ ಸೀಳನ್ನು ತಾತ್ಕಾಲಿಕವಾಗಿ ಬಿಗಿದು, ಹುರಿಯೆಲ್ಲ ಕಟ್ಟಿಕೊಂಡು ನಾನೇ ಒಳಗೆ ಕೂತೆ. ಹಿಂದಿನಿಂದ ತೂರಿ ಹೊರಬಿದ್ದೆ. ಮೊಣಕೈ ತರಚಿತು, ಆದರೆ ಬಂದೆ.

"ಅಡ್ಡಿಯಿಲ್ಲ, ನಮ್ಮ ಬಿಎಸ್ಸಿಯವರು ಹುಟ್ಟಿದರು," ಎಂದ ಬಸಲಿಂಗಪ್ಪ. ತಿಂಗಳಾದ ಮೇಲೆ ಅವನು ನಕ್ಕದ್ದು ಅಂದೇ.

ಮತ್ತೆ ಒಳಗೆ ಕೂತು ಹುಡ್ಡಿನ ಮೇಲೆ ನೀರು ಹೊಯ್ಯಿಸಿದೆ. ಕ್ಯಾನ್ವಾಸು ಕಿರುಗುಟ್ಟುತ್ತ ಸುತ್ತಲೂ ಬಿಗಿಯತೊಡಗಿತು. ಒಳಗೆ ಕೂತು ಅದನ್ನು ಕೇಳಿದವರಿಗೇ ಗೊತ್ತು ಆ ಸದ್ದು. ತೂರಲು ನೋಡಿದರೆ ಕೈಯೂ ಹೋಗಲಿಲ್ಲ. "ಸಾಕು," ಎಂದು ಕೂಗಿದೆ. ಹೊರಗೆ ಯಾರೂ ಮಾತಾಡಲಿಲ್ಲ. ಬಹಳ ಹೊತ್ತಾಯಿತೆಂದು ನೆನಪು, ಬಹುಶಃ ಆಗಿರಲಿಕ್ಕಿಲ್ಲ. ಬಸಲಿಂಗಪ್ಪ ಸೀಳಿನ ಕಟ್ಟು ಬಿಚ್ಚಿ ನನ್ನನ್ನು ಹೊರಗೆ ಎಳೆದು ಎಡಮಗ್ಗುಲಿಗೆ ಕರೆದುಕೊಂಡು ಹೋದ. ನೆಂದ ಹುಡ್ಡು ಪೂರ್ತಿ ಕಪ್ಪಾಗಿತ್ತು. ಎಡ ಪರದೆಯಲ್ಲಿ ಒಂದು ಕಡೆ ಮಾತ್ರ ನೀರು ಹಿಡಿದಿರಲಿಲ್ಲ. ಅಲ್ಲಿ ಒಣ ಬಣ್ಣದ ಒಂದು ತಲೆ, ಅದರ ಕೆಳಗೆ ಕುತ್ತಿಗೆ ಕಾಣುತ್ತಿತ್ತು. ಸ್ವಲ್ಪ ವಾಲಿಕೊಂಡ ಹಾಗೆ.

ಎಣ್ಣೆ ಹಿಡಿದ ಬಟ್ಟೆ ನೀರು ಕುಡಿಯುವುದಿಲ್ಲ, ಅಷ್ಟೇ. ನಾನು ಹಾಗೆಂದೇ ಹೇಳಿದೆ, ದಿನಚರಿಯಲ್ಲೂ ಹಾಗೆಂದೇ ಬರೆದೆ. ಅದಾದಮೇಲೆ ಯಾರೂ ಆ ಜಾಗದಲ್ಲಿ ಕೂರಲಿಲ್ಲ. ನಾನೂ ಕೂರಲಿಲ್ಲ. ಯಾರೂ ಕೂರದ ಜಾಗದಲ್ಲಿ ಔಡಲ ಎಣ್ಣೆಯ ವಾಸನೆ ಪ್ರತಿ ಸಲ ಹೊಸದಾಗಿಯೇ ಬರುತ್ತಿತ್ತು ಎಂದು ನನಗೆ ನೆನಪು. ಆದರೆ ವಾಸನೆಯ ನೆನಪು ಎಷ್ಟರ ಮಟ್ಟಿಗೆ ನೆನಪು?

ಪ್ರಯೋಗದಿಂದ ಒಂದು ಸಂಗತಿ ಖಚಿತವಾಯಿತು. ಬಸಲಿಂಗಪ್ಪ ಹೊರಟಾಗ ಹುಡ್ಡು ಒಣಗಿದ್ದರೆ ಶಿವಪುತ್ರಪ್ಪ ಇಳಿದಿರಬಹುದು. ಮಳೆ ಆಗಲೇ ಶುರುವಾಗಿದ್ದರೆ ಇಳಿದಿರಲಾರ. ಅಂದರೆ ಗಂಗವ್ವನ ತಾಳಿ ಬಸಲಿಂಗಪ್ಪನ ನೆನಪಿಗೆ ಕಟ್ಟಿಬಿದ್ದಿತ್ತು.

ಅವಳು ಅವನನ್ನು ಕೇಳಿದಳು. ಮೊದಲ ಸಲ ಅವನು, "ಇನ್ನ ಹನಿ ಬಿದ್ದಿರಲಿಲ್ಲ ತಂಗಿ," ಎಂದ. ಎರಡನೆಯ ಸಲ, "ಜಿಟಿಜಿಟಿ ಹತ್ತಿತ್ತು ಅನ್ನಸ್ತೈತಿ, ಟಾವೆಲ್ಲು ತಲಿಗೆ ಹಾಕ್ಕೊಂಡಿದ್ನಿ," ಎಂದ. ಇನ್ನೊಮ್ಮೆ, ಟಾವೆಲ್ಲು ಹಾಕಿಕೊಂಡದ್ದು ಮರಳಿ ಬರುವಾಗ ಎಂದ. ಅವನು ಸುಳ್ಳು ಹೇಳುವವನಲ್ಲ. ಹೇಳಿದಷ್ಟು ಸಲವೂ ಆ ಮೋಡ ಅವನ ಕಣ್ಣೆದುರು ಬೇರೆಯಾಗುತ್ತಿತ್ತು.

"ನೀ ಸುಳ್ಳು ಹೇಳಾವ ಇದ್ದಿದ್ರ ಚಲೋ ಇತ್ತು, ಅಣ್ಣಾ," ಎಂದಳಂತೆ ಗಂಗವ್ವ. "ಒಂದ ಮಾತಿಗಿ ನಿಂದರ್ತಿದ್ದಿ."

ಹೀಗಿರುವಾಗ ಮೇಲಿನ ಅಧಿಕಾರಿಗಳ ತಪಾಸಣೆ ಬಂತು. ಹರಿದ ಹುಡ್ಡು ಇಟ್ಟುಕೊಂಡು ಹೋಗುವಂತಿಲ್ಲ, ಹುಕ್ಕೇರಿಗೆ ಒಯ್ದು ಹೊಲಿಸಿ ಎಂದು ಸಾಹೇಬರು ಹೇಳಿದರು. ನಾನೂ ಬಸಲಿಂಗಪ್ಪನೂ ಲಗಮಣ್ಣನ ಅಂಗಡಿಯ ಮುಂದೆ ಜೀಪು ನಿಲ್ಲಿಸಿದೆವು. ಮಳೆ ಬಿಟ್ಟ ಹಗಲು. ಲಗಮಣ್ಣ ದಬ್ಬಣಕ್ಕೆ ಮೇಣದ ದಾರ ಪೋಣಿಸಿ, ಹುಡ್ಡು ತಟ್ಟಿ ಕೂಗಿದ: "ಒಳಗ ಯಾರರ ಅದೀರೇನ್ರಿ?"

ಕಾದ. ಎಡಮಗ್ಗುಲಿಗೆ ಹೋಗಿ ಪರದೆಯ ಮೇಲೆ ಅಂಗೈ ಇಟ್ಟ. ದಬ್ಬಣವನ್ನು ಅಂಗಿಯ ತೋಳಿಗೆ ಚುಚ್ಚಿಕೊಂಡು ಬಂದು ಕಟ್ಟೆಯ ಮೇಲೆ ಕೂತ.

"ಒಬ್ರು ಅದಾರ್ರಿ."

"ಏನರ ಅಂದ್ರೇನು?" ಎಂದೆ. ನಗುವ ಹಾಗೆ ಕೇಳಿದೆನೆಂದುಕೊಂಡಿದ್ದೇನೆ.

"ಅನ್ನಲಿಲ್ರಿ. ಕೈಯಿಟ್ಟು ನೋಡ್ರಿ. ಒಣಾ ಕಿತ್ತಾನ ಕೈಗೆ ಸಡಲ ಬಿಡಬೇಕು. ಇದು ಒಳಗಿಂದ ಯಾರೋ ತಲಿ ಆನಿಸಿದಂಗ ಐತಿ. ಇಳೀಲಿ, ಹೊಲೀತೇನಿ. ಇಳೀದನ ಹೊಲದ್ರ ಅದು ರಿಪೇರಿ ಅಲ್ಲ."

ಕೈಯಿಟ್ಟು ನೋಡಿದೆ. ಬಿಗಿಯಾಗಿತ್ತು. ಮಳೆಗಾಲದ ಹಸಿ ಗಾಳಿಗೂ ಕ್ಯಾನ್ವಾಸು ಬಿಗಿಯುತ್ತದೆ ಎಂದು ಹೇಳಿದೆ. ಬಲಗಡೆಯ ಪರದೆ ಯಾಕೆ ಜೋಲಾಗಿದೆ ಎಂದು ಲಗಮಣ್ಣ ಕೇಳಿದ. ಅದು ಸೀಳಿದ್ದು, ಅದಕ್ಕೆ ಎಂದೆ. ಹಾಗಾದರೆ ಹಿಂದಿನದು ಯಾಕೆ ಎಂದ. ಹೋಗಿ ಹಿಂದಿನ ಪರದೆ ಮುಟ್ಟಿ ನೋಡಿದೆ, ಅದೂ ಜೋಲಾಗಿತ್ತು.

ಹುಕ್ಕೇರಿ ಸಣ್ಣ ಊರು. ಸುದ್ದಿ ಹೋಗಿ ಅತ್ತೆ ಸೊಸೆ ಇಬ್ಬರೂ ಬಂದರು. ಮುದುಕಿ ಕಟ್ಟೆ ಹಿಡಿದು ನಿಂತು, "ಹೊಲೀ ಲಗಮಣ್ಣ. ಅವ ಒಳಗ ಅದಾನಂದ್ರ ಹೊಲೀ. ಮುಗೀಲಿ. ನನ್ನ ಮಗಗ ಒಂದ ನೆಲೀ ಆಗಲಿ," ಎಂದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ.

"ಹೆಣದ ಹೊಲಗಿ ನನ್ನ ಕೈಲೆ ಆಗೂದಿಲ್ಲ ಯವ್ವಾ," ಎಂದ ಲಗಮಣ್ಣ.

ಗಂಗವ್ವ ಯಾರ ಮುಖವನ್ನೂ ನೋಡಲಿಲ್ಲ. ಅಂಗಡಿಯ ಮಾಡಿನಿಂದ ಒಂದು ಕಡ್ಡಿ ಕಿತ್ತು ಮುರಿದು, ಸೆರಗಿಗೆ ಒರೆಸಿದಳು. "ಕಡ್ಡಿ ಕಚ್ಚಿದ್ರ ಅದು ಹೆಣದ ಹೊಲಗಿ ಅಲ್ಲ, ಹೌದಲ್ಲೋ ಕಾಕಾ?"

"ಅಲ್ಲ ಯವ್ವಾ."

"ಹಂಗಾರ ನಾ ಒಳಗ ಕುಂದರ್ತೇನಿ. ಅವರ ಬಾಜೂಕ."

ಯಾರೂ ತಡೆಯಲಿಲ್ಲ. ಅವಳು ಹಿಂದಿನಿಂದ ಹತ್ತಿ ಪರದೆ ಇಳಿಬಿಟ್ಟಳು. ಒಳಗೆ ಹುರಿ ಕಟ್ಟುವ ಸದ್ದು ಕೇಳಿತು. ಆಮೇಲೆ ಅದೂ ನಿಂತಿತು. ಲಗಮಣ್ಣ ಎದ್ದು ಬಂದು ಬಲಮಗ್ಗುಲಲ್ಲಿ ನಿಂತ. ಅವನ ಹಿಂದೆ ನಾನು, ನನ್ನ ಪಕ್ಕ ಬಸಲಿಂಗಪ್ಪ. ಲಗಮಣ್ಣ ಹುಡ್ಡು ತಟ್ಟಿ ಕೂಗಿದ.

"ಒಳಗ ಯಾರರ ಅದೀರೇನ್ರಿ?"

ಒಳಗಿನಿಂದ ಉತ್ತರ ಬಂತು. ಒಂದೇ ಪದ, ಮೆಲ್ಲಗೆ, ಕಡ್ಡಿ ಕಚ್ಚಿದ ಬಾಯಿಂದ ಬರುವ ಹಾಗೆ ಮಂದವಾಗಿ.

ಬಸಲಿಂಗಪ್ಪನಿಗೆ ಅದು "ಅದೇನಿ" ಎಂದು ಕೇಳಿಸಿತು, ನಾನಿದ್ದೇನೆ ಎಂದು. ಲಗಮಣ್ಣನಿಗೆ "ಅದೇವಿ" ಎಂದು, ನಾವಿದ್ದೇವೆ ಎಂದು. ನನಗೆ? ಆ ಕ್ಷಣ "ಅದೇವಿ" ಎಂದೇ ಕೇಳಿಸಿತು. ಆದರೆ ಲಗಮಣ್ಣ ತಿರುಗಿ ನಮ್ಮತ್ತ, "ಅದೇವಿ ಅಂದ್ರು," ಎಂದದ್ದನ್ನು ಕೇಳಿದ ಮೇಲೆ ಹಾಗೆ ಕೇಳಿಸಿತೋ, ಮೊದಲೋ, ಹೇಳಲಾರೆ. ಹಲ್ಲಿನ ನಡುವೆ ಕಡ್ಡಿ ಇದ್ದರೆ ನಿ ಮತ್ತು ವಿ ಎರಡೂ ಒಂದೇ ತರಹ ಬರುತ್ತವೆ. ಕನ್ನಡಿ ಮುಂದೆ ಕೂತು ನೋಡಿದ್ದೇನೆ.

ಲಗಮಣ್ಣ ಹೊಲಿದ. ಒಂದು ಕಡೆಯೂ ದಬ್ಬಣ ತಡೆಯಲಿಲ್ಲ. ಕೊನೆಯ ಗಂಟು ಹಾಕಿ ದಾರ ಕಡಿದ.

ಗಂಗವ್ವ ಒಳಗಿನ ಹುರಿ ಬಿಚ್ಚಿ ಹಿಂದಿನಿಂದ ಇಳಿದಳು. ಇಳಿದವಳು ಪರದೆಯನ್ನು ಬಿಡಲಿಲ್ಲ. ಒಂದು ಕೈಯಿಂದ ಅದನ್ನು ಸರಿಸಿ ಹಿಡಿದುಕೊಂಡು ಬಾಯಿಂದ ಕಡ್ಡಿ ತೆಗೆದು, "ಇಳೀರಿ," ಎಂದಳು. ಮನುಷ್ಯನೊಬ್ಬ ಬಗ್ಗಿ, ಕಾಲು ಕೆಳಗಿಟ್ಟು, ನೆಟ್ಟಗಾಗಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಹಿಡಿದಿದ್ದಳು. ಆಮೇಲೆ ಬಿಟ್ಟಳು. ಜೀಪಿನ ಹಿಂಭಾಗ ಸ್ವಲ್ಪ ಮೇಲೆದ್ದಿತು ಎಂದು ಬಸಲಿಂಗಪ್ಪ ಸಾಯುವವರೆಗೂ ಹೇಳುತ್ತಿದ್ದ. ನಾನು ಗಾಲಿಗಳನ್ನು ನೋಡುತ್ತಿರಲಿಲ್ಲ, ಮುದುಕಿಯನ್ನು ನೋಡುತ್ತಿದ್ದೆ. ಅವಳು ಪರದೆಯಿಂದ ಒಂದು ಮಾರು ಈಚೆಗೆ ಖಾಲಿ ಜಾಗವನ್ನು ನೋಡುತ್ತಿದ್ದಳು. ಆಮೇಲೆ ಸೆರಗು ತಲೆಯ ಮೇಲೆಳೆದುಕೊಂಡು ಸೊಸೆಯ ಹಿಂದೆ ಮನೆಗೆ ಹೋದಳು. ತಾಳಿಯ ಮಾತನ್ನು ಅವಳು ಮತ್ತೆ ಎತ್ತಲಿಲ್ಲವೆಂದು ಆಮೇಲೆ ಕೇಳಿದೆ.

ಗೋಕಾಕಕ್ಕೆ ಮರಳುವಾಗ ಧುಪದಾಳದ ಹತ್ತಿರ ಮಳೆ ಹಿಡಿಯಿತು. ಬಸಲಿಂಗಪ್ಪ ಹೇಳದೆಯೇ ಗಾಡಿ ನಿಲ್ಲಿಸಿದ. ಇಬ್ಬರೂ ಇಳಿದು ನೆನೆಯುತ್ತ ಎಡಮಗ್ಗುಲಿಗೆ ಹೋದೆವು. ಪರದೆ ಪೂರ್ತಿ ಒಂದೇ ಸಮ ಕಪ್ಪಾಗುತ್ತಿತ್ತು. ಕಾದೆವು. ಒಣ ಬಣ್ಣದ ತಲೆ ಇರಲಿಲ್ಲ. ಎಣ್ಣೆ ಹಿಡಿದ ಕ್ಯಾನ್ವಾಸಿನಿಂದ ಎಣ್ಣೆ ತಾನಾಗಿ ಹೋಗುವುದಿಲ್ಲ. ಇದು ಈ ಕೆಲಸದಲ್ಲಿ ನನಗೆ ಖಚಿತವಾಗಿ ಗೊತ್ತಿರುವ ಕೆಲವೇ ಸಂಗತಿಗಳಲ್ಲಿ ಒಂದು. ಅಂದಿನ ದಿನಚರಿಯಲ್ಲಿ ಇರುವುದು ಇಷ್ಟು: "ಹುಡ್ ರಿಪೇರಿ ಆಯಿತು. ಮಳೆ." ನಾನು ಇಷ್ಟೇ ಯಾಕೆ ಬರೆದೆ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ.

ಅರವತ್ತರ ದಶಕದಲ್ಲಿ ರೆಕ್ಸಿನ್ನಿನ ಹುಡ್ಡು ಬಂತು, ಆಮೇಲೆ ತಗಡಿನವು. ರೆಕ್ಸಿನ್ನು ನೀರು ಕುಡಿಯುವುದಿಲ್ಲ, ಬಿಗಿಯುವುದಿಲ್ಲ, ಬಿಸಿಲಿಗೆ ಪದರು ಪದರಾಗಿ ಉದುರುತ್ತದೆ. ತಗಡಿಗೆ ಹೊಲಿಗೆಯೇ ಬೇಡ. ಹಳೆಯ ಹುಡ್ಡುಗಳು ಶೆಡ್ಡಿನ ಮೂಲೆಯಲ್ಲಿ ರಾಶಿ ಬಿದ್ದು, ಯಾವುದು ಯಾವ ಜೀಪಿನದೆಂದು ಗುರುತು ಸಿಗದಂತಾದವು.

ಆ ಹೊತ್ತಿಗೇ ಒಮ್ಮೆ ಸಂಕೇಶ್ವರದ ಬಸ್ ನಿಲ್ದಾಣದಲ್ಲಿ ಗಂಗವ್ವ ಸಿಕ್ಕಳು. ಕೂದಲು ನರೆಯುತ್ತಿತ್ತು. ಹಣೆಯಲ್ಲಿ ಅಗಲ ಕುಂಕುಮ, ಕೈತುಂಬ ಬಳೆ. ಶಿವಪುತ್ರಪ್ಪನ ಸುದ್ದಿ ಏನಾದರೂ ಬಂತೇ ಎಂದು ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ. ಅತ್ತೆ ತೀರಿಕೊಂಡದ್ದು ಹೇಳಿದಳು. ಬಸ್ಸು ಬರುವುದಕ್ಕೆ ಮುಂಚೆ ಕೇಳಿದಳು:

"ಅಣ್ಣಾರ, ಅವತ್ತ ಲಗಮಣ್ಣ ಕಾಕಾ ಕೂಗಿದಾಗ ನಿಮಗ ಏನ್ ಕೇಳಿತ್ರಿ?"

"ಅದನ್ನ ನೀವ ಹೇಳಬೇಕು ತಂಗಿ. ನೀವು ಏನಂದ್ರಿ ಅಂತ ನಾವು ಮೂರೂ ಮಂದಿ ಇನ್ನೂ ಜಗಳಾಡ್ತೇವಿ. ಅದೇನಿ ಅಂದ್ರೋ, ಅದೇವಿ ಅಂದ್ರೋ?"

ಅವಳು ನನ್ನನ್ನು ನೋಡಿದ ರೀತಿಯಲ್ಲಿ ಅಚ್ಚರಿ ಇತ್ತು. ಇಷ್ಟು ವರ್ಷ ನಮಗೆ ಇದು ಗೊತ್ತಾಗಿಲ್ಲವಲ್ಲ ಎಂಬ ಹಾಗೆ.

"ನಾ ಬಾಯೇ ತೆರೀಲಿಲ್ರಿ," ಎಂದಳು. "ಕಡ್ಡಿ ಬಿದ್ದೀತು ಅಂತ ಹಲ್ಲು ಬಿಗಿ ಹಿಡಕೊಂಡ ಕುಂತಿದ್ನಿ."

ಬಸ್ಸು ಬಂತು. ಹತ್ತುವಾಗ ತಿರುಗಿ, "ನನಗ ಬಾಜೂಕ ಕೇಳಿತ್ರಿ. ಅದೇವಿ ಅಂತನ ಕೇಳಿತು," ಎಂದಳು.

ಅವಳ ನೆನಪೂ ನೆನಪೇ. ಬಾಯಿ ತೆರೆದದ್ದನ್ನು ಮರೆತಿರಬಹುದು, ಮರೆಯಲು ಅವಳಿಗೆ ಕಾರಣವಿತ್ತು. ಹಾಗೆಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ಅವಳ ಹಣೆಯ ಕುಂಕುಮಕ್ಕೆ ನಾನು ಕೊಡಬಹುದಾದ ಬೇರೆ ವಿವರಣೆ ಏನೂ ಇಲ್ಲ.

ಹುಡುಗರು ನಗುವ ಮಾತು ಇದು. ಪಟಿಕ, ಸಾಬೂನು, ಮೇಣದ ಮಾತಿನ ಜೊತೆಗೆ ಇದನ್ನೂ ಬರೆದುಕೊಳ್ಳಿ. ಹುಡ್ಡು ಹರಿದರೆ ಹೊಲಿಯುವ ಮೊದಲು ಎಡಮಗ್ಗುಲನ್ನೂ ಬಲಮಗ್ಗುಲನ್ನೂ ಅಂಗೈಯಿಂದ ಮುಟ್ಟಿ ನೋಡಿ. ಒಳಗೆ ಯಾರಾದರೂ ಇದ್ದೀರಾ ಎಂದು ಒಮ್ಮೆ ಕೂಗಿ. ಸ್ವಲ್ಪ ಕಾಯಿರಿ. ಉತ್ತರ ಬಾರದಿದ್ದರೆ ಹೊಲಿಯಿರಿ. ಬಂದರೆ, ಪರದೆ ಸರಿಸಿ ಹಿಡಿದು, ಇಳಿಯಲು ಅವರಿಗೆ ಹೊತ್ತು ಕೊಡಿ.